ಆತಕೂರಿನ ಕಾಳಿಯೂ ನಮ್ಮ ಮನೆಯ ಕರಿಯನೂ

ಕಳೆದ ಸೆಪ್ಟೆಂಬರ್ 28ರಂದು ದೊಡ್ಡಬಳ್ಳಾಪುರದಲ್ಲಿ ನಾಯಿಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕುವ ಶಿಬಿರವೊಂದು ಏರ್ಪಟ್ಟಿತ್ತು. ಅದು ಲೂಯಿ ಪಾಶ್ಚರ್ ಅವರು 1895ರಲ್ಲಿ ತೀರಿಕೊಂಡ ದಿನ. ಅದನ್ನು ವಿಶ್ವ ರೇಬೀಸ್ ದಿನವೆಂದು ಆಚರಿಸುತ್ತ ಬಂದಿದ್ದಾರೆ. ಮಗಳು ಮತ್ತು ಅಳಿಯ ಇಬ್ಬರೂ ಕೆಲಸಕ್ಕೆ ಹೊರಟುಹೋದದ್ದರಿಂದ, ಮೊಮ್ಮಗಳ ನಾಯಿಯನ್ನು ಲಸಿಕೆಗೆ ಕರೆದೊಯ್ಯುವ ಹೊಣೆ ನಿವೃತ್ತನಾಗಿ ಮನೆಯಲ್ಲಿರುವ ನನ್ನ ಪಾಲಿಗೆ ಬಂತು. ಮೂವತ್ತೈದು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವನು ಆ ದಿನ ನಾಯಿಯ ಹಗ್ಗ ಹಿಡಿದು ತಾನೇ ಸಾಲಿನಲ್ಲಿ ನಿಂತೆ.

ಓದುಗ ಮಿತ್ರರೇ, ಆಸ್ಪತ್ರೆಯ ಸಾಲೆಂದರೆ ಸಾಮಾನ್ಯವಾಗಿ ಮೌನದ ಸಾಲು. ಆದರೆ ನಾಯಿಗಳ ಆಸ್ಪತ್ರೆಯ ಸಾಲು ಹಾಗಲ್ಲ. ಅರ್ಧ ಗಂಟೆಯೊಳಗೆ ಮುಂದಿನವರ, ಹಿಂದಿನವರ ನಾಯಿಗಳ ಜಾತಕವೆಲ್ಲ ನನಗೆ ತಿಳಿದುಹೋಯಿತು. ನನ್ನ ಮುಂದೆ ನಿಂತಿದ್ದವರು ಒಬ್ಬ ನೇಕಾರರು. ಅವರ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು. “ನಮ್ ರಾಜ ಮಗ್ಗದ ಮನೇಲೇ ಮಲಗೋದು ಸಾ. ಆ ಸದ್ದಿನಲ್ಲಿ ನಾವು ಮಾತಾಡಿದ್ರೆ ನಮಗೇ ಕೇಳ್ಸಲ್ಲ, ಇವನಿಗೆ ಒಳ್ಳೆ ನಿದ್ದೆ. ಕರೆಂಟ್ ಹೋಯ್ತೋ, ತಟ್ಟಂತ ಎದ್ದು ಕೂತ್ಕೊಂಡು, ಏನಾಯ್ತು ಅಂತ ನನ್ ಮುಖ ನೋಡ್ತಾನೆ” ಎಂದರು. ಹಿಂದೆ ನಿಂತಿದ್ದ ಹೆಣ್ಣುಮಗಳೊಬ್ಬಳ ಬೀದಿನಾಯಿ ಬೆಳಗ್ಗೆ ಸಂಜೆ ಅವಳ ಜೊತೆ ಹಾಲಿನ ಡೈರಿಗೆ ಹೋಗುತ್ತದಂತೆ. ಅವಳ ಹಾಲು ಅಳೆಯುವವರೆಗೆ ಸುಮ್ಮನಿದ್ದು, ಪಕ್ಕದ ಮನೆಯವರ ಕ್ಯಾನು ಮುಂದೆ ಬಂದೊಡನೆ ಬೊಗಳುತ್ತದಂತೆ. “ಅವ್ರು ನೀರು ಬೆರೆಸ್ತಾರೆ ಅಂತ ಇದಕ್ಕೆ ಹೆಂಗೋ ಗೊತ್ತಾಗ್ಬುಟ್ಟದೆ” ಎಂದು ಆಕೆ ಗುಟ್ಟಾಗಿ ಹೇಳಿ ನಕ್ಕಳು. ಹೊಸ ಬಡಾವಣೆಯ ಯುವ ದಂಪತಿಗಳ ಲ್ಯಾಬ್ರಡಾರ್ ನಾಯಿಗೆ ಕುಕ್ಕರಿನ ಸೀಟಿಯೆಂದರೆ ಭಯ. ಮೊದಲನೆಯ ಸೀಟಿಗೆ ಕಿವಿ ನಿಮಿರಿಸಿ, ಎರಡನೆಯದಕ್ಕೆ ಎದ್ದು, ಮೂರನೆಯದಕ್ಕೆ ಬಚ್ಚಲು ಮನೆ ಸೇರುತ್ತದೆ. ಮೂವತ್ತೈದು ಕಿಲೋ ತೂಕದ ಆ ಪ್ರಾಣಿ ಅಲ್ಲಿ ಬಕೆಟ್ಟಿನ ಹಿಂದೆ ಅಡಗಿ ಕೂರುವುದನ್ನು ಆ ಹುಡುಗ ಕೈಯಲ್ಲಿ ಅಭಿನಯಿಸಿ ತೋರಿಸಿದ.

ನಾನು ಗಮನಿಸಿದ್ದು ಒಂದು ವಿಷಯ. ಯಾರೂ ಮೊದಲಿಗೆ ತಳಿಯನ್ನಾಗಲಿ ಬೆಲೆಯನ್ನಾಗಲಿ ಹೇಳಲಿಲ್ಲ. ಮೊದಲು ಹೆಸರು, ಆಮೇಲೆ ಅದರ ಒಂದು ವಿಚಿತ್ರ ಅಭ್ಯಾಸ. ನೇಕಾರರು ತಿರುಗಿ, “ನಿಮ್ದೇನ್ ಸಾ ಇದರ ಕಥೆ?” ಎಂದು ಕೇಳಿದರು. “ಇದು ಮೊಮ್ಮಗಳದು, ನನಗೇನೂ ಗೊತ್ತಿಲ್ಲ” ಎಂದೆ. “ಹಂಗಾದ್ರೆ ನಿಮ್ದು ಅಂತ ಯಾವ್ದೂ ಇರ್ಲಿಲ್ವಾ?” ಎಂದರು. ತಕ್ಷಣ ಉತ್ತರ ಹೇಳಲಾಗಲಿಲ್ಲ. ಇತಿಹಾಸದ ಮೇಷ್ಟ್ರ ಅಭ್ಯಾಸ ನೋಡಿ, ಸ್ವಂತದ ವಿಷಯ ಕೇಳಿದರೆ ಸಾವಿರ ವರ್ಷ ಹಿಂದಕ್ಕೆ ಓಡುತ್ತೇವೆ. ನನಗೆ ನೆನಪಾದದ್ದು ಆತಕೂರಿನ ಕಾಳಿ.

ಆತಕೂರು ಇರುವುದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ. ಅಲ್ಲಿನ ಚಲ್ಲೇಶ್ವರ ದೇವಾಲಯದ ಮುಂದೆ ನೆಟ್ಟಿದ್ದ ಶಿಲಾಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತು. ಶಕವರ್ಷ 872, ಸೌಮ್ಯ ಸಂವತ್ಸರ ಎಂದು ಅದರಲ್ಲಿ ಕಾಲವನ್ನು ಹೇಳಿದೆ, ಅಂದರೆ ಕ್ರಿ.ಶ. 949-50. ಇತಿಹಾಸದ ವಿದ್ಯಾರ್ಥಿಗಳು ಇದನ್ನು ಓದುವುದು ನಾಯಿಗಾಗಿ ಅಲ್ಲ, ತಕ್ಕೋಲದ ಯುದ್ಧಕ್ಕಾಗಿ. ಇಂದಿನ ತಮಿಳುನಾಡಿನ ರಾಣಿಪೇಟೆ ಜಿಲ್ಲೆಯಲ್ಲಿರುವ ತಕ್ಕೋಲದಲ್ಲಿ 949ರಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಘೋರ ಕಾಳಗ ನಡೆಯಿತು. ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದವನು ಗಂಗರ ಇಮ್ಮಡಿ ಬೂತುಗ. ಈ ಬೂತುಗ ಕೃಷ್ಣನ ಸಹೋದರಿ ರೇವಕನಿಮ್ಮಡಿಯನ್ನು ಮದುವೆಯಾಗಿದ್ದವನು. ನೆಂಟಸ್ತಿಕೆಗೆ ಪರಾಕ್ರಮವೂ ಸೇರಿದ್ದರಿಂದ ಅವನಿಗೆ ಬನವಾಸಿ-12000, ಬೆಳ್ವೊಲ-300, ಪುರಿಗೆರೆ-300 ಮೊದಲಾದ ದೊಡ್ಡ ನಾಡುಗಳು ದೊರೆತವು. ಇಷ್ಟು ಪಠ್ಯಪುಸ್ತಕದ ಮಾತು. ಪರೀಕ್ಷೆಯಲ್ಲಿ ಐದು ಅಂಕ.

ನಮ್ಮ ಜಿಲ್ಲೆಯವರಿಗೆ ಈ ಗಂಗರು ಪರಕೀಯರಲ್ಲ. ನೆಲಮಂಗಲ ತಾಲ್ಲೂಕಿನ ಮಣ್ಣೆಯೇ ಅವರ ಮಾನ್ಯಪುರ. ಎಂಟನೆಯ ಶತಮಾನದಲ್ಲಿ ಶ್ರೀಪುರುಷನ ಕಾಲಕ್ಕೆ ಅದು ರಾಜನ ಬೀಡಾಗಿತ್ತು. ಇಂದು ಅಲ್ಲಿ ಪಾಳು ದೇವಾಲಯಗಳ ಪಕ್ಕದಲ್ಲಿ ರಾಗಿ ಹೊಲಗಳಿವೆ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ, 1905ರಷ್ಟು ಹಿಂದೆಯೇ, ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳನ್ನು ಅಚ್ಚು ಹಾಕಿಸಿದರು. ಅದನ್ನು ತಿರುವಿ ಹಾಕಿದರೆ ಆ ಕಾಲದ ಜನ ಯಾವುದಕ್ಕಾಗಿ ಕಲ್ಲು ನಿಲ್ಲಿಸುತ್ತಿದ್ದರೆಂಬುದು ತಿಳಿಯುತ್ತದೆ. ದನ ಕಳ್ಳರೊಡನೆ ಹೋರಾಡಿ ಸತ್ತವನಿಗೆ, ಊರಿನ ಗಡಿಗಾಗಿ ಸತ್ತವನಿಗೆ, ಒಡೆಯನಿಗಾಗಿ ಸತ್ತವನಿಗೆ. ಆ ಪಂಕ್ತಿಯಲ್ಲಿ ಒಂದು ನಾಯಿಗೆ ಸ್ಥಾನ ಸಿಕ್ಕಿದ್ದು ಹೇಗೆ?

ಶಾಸನ ಹೇಳುವುದಿಷ್ಟು. ಸಗರ ವಂಶದ ಮಣಲೆರನೆಂಬುವನು ಬೂತುಗನ ಆಳು. ಯುದ್ಧದಲ್ಲಿ ಒಡೆಯನ ಮುಂದೆ ನಿಂತು ಕಾದಿದ. ಒಡೆಯ ಮೆಚ್ಚಿ, ಏನು ಬೇಕೋ ಬೇಡಿಕೊ ಎಂದ. ಮಣಲೆರ ಬೇಡಿದ್ದು ಒಡೆಯನ ನಾಯಿಯನ್ನು. ಅದರ ಹೆಸರು ಕಾಳಿ. ದಯಪಾಲಿಸು ಎಂದ, ದೊರೆ ಕೊಟ್ಟ. ಆಮೇಲೆ ಕೆಲಲೆ ನಾಡಿನ ಒಂದು ಊರಿನ ಪಡುವಣ ಗುಡ್ಡದಲ್ಲಿ ಒಂದು ಮಹಾ ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿಯೂ ನಾಯಿಯೂ ಜೊತೆಯಲ್ಲೇ ಸತ್ತವು. ಅದಕ್ಕಾಗಿ ಆತಕೂರಿನಲ್ಲಿ ಚಲ್ಲೇಶ್ವರನ ಮುಂದೆ ಕಲ್ಲು ನೆಡಿಸಿ, ಅದಕ್ಕೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಒಂದರ ಮೇಲೊಂದು ಬಿದ್ದಿರುವ ಚಿತ್ರವನ್ನು ಕೆತ್ತಿದ್ದಾರೆ. ಹಂದಿ ಗಾತ್ರದಲ್ಲಿ ದೊಡ್ಡದು. ಕಲ್ಕುಟಿಗನು ನಾಯಿಯನ್ನು ದೊಡ್ಡದು ಮಾಡಿ ಸುಳ್ಳು ಹೇಳಲಿಲ್ಲ.

ಈ ಕಥೆಯನ್ನು ಭಾಷಣಗಳಲ್ಲಿ ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳುವುದುಂಟು. ಮಣಲೆರ ಭೂಮಿ ಬೇಡವೆಂದು ತಳ್ಳಿ ನಾಯಿಯೊಂದೇ ಸಾಕೆಂದನಂತೆ. ನಾನೂ ಬಹುಕಾಲ ತರಗತಿಯಲ್ಲಿ ಹಾಗೆಯೇ ಹೇಳುತ್ತಿದ್ದೆ, ಮಕ್ಕಳ ಕಣ್ಣು ಅರಳುತ್ತಿದ್ದವು. ಆದರೆ ಶಾಸನವನ್ನು ಪೂರ್ತಿ ಓದಿದಾಗ ನನ್ನ ತಪ್ಪು ತಿಳಿಯಿತು. ಬೂತುಗನು ಮಣಲೆರನಿಗೆ ಆತಕೂರು-12ನ್ನು ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದ ಗೌರವದ ಕೊಡುಗೆಯಾಗಿ ಕೊಟ್ಟದ್ದೂ ಅದೇ ಕಲ್ಲಿನಲ್ಲಿದೆ. ಅವನು ಸಂನ್ಯಾಸಿಯಲ್ಲ, ಊರುಗಳನ್ನೂ ಪಡೆದ. ನನಗೆ ಇದರಿಂದ ಮಣಲೆರನ ಮೇಲಿನ ಗೌರವ ಕಡಿಮೆಯಾಗಲಿಲ್ಲ, ಅವನು ನಮಗೆ ಇನ್ನಷ್ಟು ಹತ್ತಿರದವನಾದ. ಹನ್ನೆರಡು ಊರುಗಳ ಒಡೆತನ ಸಿಕ್ಕಿದ ಮೇಲೂ, ಸತ್ತ ನಾಯಿಯನ್ನು ಮರೆಯಲಾಗದೆ ಕಲ್ಲು ನಿಲ್ಲಿಸಿದ ಮನುಷ್ಯ. ಚೋಳರ ಸೋಲು, ನಾಡುಗಳ ಹಂಚಿಕೆ ಮುಂತಾದ ರಾಜಕೀಯ ವೃತ್ತಾಂತವೆಲ್ಲ ಒಂದು ನಾಯಿಯ ಸ್ಮಾರಕದ ಮೇಲೆ ಬರೆದದ್ದರಿಂದ ನಮ್ಮವರೆಗೆ ಬಂದಿದೆ.

ಪ್ರಾಣಿಗೆ ಕಲ್ಲು ನಿಲ್ಲಿಸುವುದು ಆಗಲೇ ಹಳೆಯ ರೂಢಿಯಾಗಿತ್ತು. ತಮಿಳುನಾಡಿನ ಚೆಂಗಂ ಸೀಮೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಅಂದರೆ ಏಳನೆಯ ಶತಮಾನದ ವೀರಗಲ್ಲೊಂದಿದೆ. ದನಗಳನ್ನು ಕಾಯುತ್ತ ಸತ್ತ ವೀರನ ಪಕ್ಕದಲ್ಲಿ ಅವನ ನಾಯಿಯೂ ನಿಂತಿದೆ. ಅದರ ಹೆಸರು ಕೋವಿವನ್. ಇಬ್ಬರು ಕಳ್ಳರನ್ನು ಕಚ್ಚಿ ಒಡೆಯನ ಬಳಿಯೇ ಕಾದು ನಿಂತಿತೆಂದು ಅಲ್ಲಿ ಬರೆದಿದೆ. ಅಲ್ಲಿಯೂ ಹೆಸರು ಮೊದಲು.

ಇದಕ್ಕೆ ಹೋಲಿಸಿದರೆ ನಮ್ಮ ಸೀಮೆಯ ಊರು ಕಟ್ಟಿದ ಕಥೆಗಳಲ್ಲಿ ನಾಯಿಗೆ ಅನ್ಯಾಯವಾಗಿದೆಯೆಂದೇ ನನ್ನ ದೂರು. ದೇವನಹಳ್ಳಿ ತಾಲ್ಲೂಕಿನ ಆವತಿಯಿಂದ ಹೊರಟ ನಾಡಪ್ರಭುಗಳ ಮನೆತನ ಈ ಭಾಗದ ಕೋಟೆಗಳನ್ನು ಕಟ್ಟಿತು. ದೇವನಹಳ್ಳಿಯ ಕೋಟೆ 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ್ದೆನ್ನುತ್ತಾರೆ. ಅದೇ ಮನೆತನದವರು ಚಿಕ್ಕಬಳ್ಳಾಪುರವನ್ನು ಕಟ್ಟಿದ ಕಥೆಯಲ್ಲಿ ಬೇಟೆನಾಯಿಗಳ ಎದುರು ಒಂದು ಮೊಲ ತಿರುಗಿ ನಿಲ್ಲುತ್ತದೆ. ಮೊಲಕ್ಕೇ ಇಷ್ಟು ಶೌರ್ಯ ಕೊಟ್ಟ ನೆಲ ಗಂಡುಮೆಟ್ಟಿನ ನೆಲವೆಂದು ಅಲ್ಲಿ ಕೋಟೆ ಹಾಕುತ್ತಾರೆ. ವಿಜಯನಗರಕ್ಕೂ ಇದೇ ಕಥೆ, ಬೆಂಗಳೂರಿಗೂ ಇದೇ ಕಥೆ. ಮೊಲಕ್ಕೆ ಕೀರ್ತಿ, ನೆಲಕ್ಕೆ ಕೀರ್ತಿ, ಗೌಡರಿಗೆ ಕೋಟೆ. ಸೋತು ಬಾಲ ಮುದುರಿಕೊಂಡ ನಾಯಿಗೆ ಒಂದು ಹೆಸರೂ ಇಲ್ಲ. ಈ ಪ್ರಭುಗಳ ಹೆಸರಿನಲ್ಲಿಯೇ ಬೈರವನಿದ್ದಾನೆ, ಬೈರವನ ವಾಹನ ನಾಯಿ. ಮನೆದೇವರ ವಾಹನವನ್ನು ಊರಿನ ಕಥೆಯಲ್ಲಿ ಹೀಗೆ ಸೋಲಿಸಬಹುದೇ! ಬಾಯಲ್ಲಿ ‘ನಾಯಿ’ ಎಂಬುದು ಬೈಗುಳ, ಕೈಯಲ್ಲಿ ಮುದ್ದೆಯ ತುತ್ತು ಮುರಿದು ಹಾಕುವುದು ಅದೇ ನಾಯಿಗೆ. ನಮ್ಮ ಜನ ಎರಡನ್ನೂ ಒಂದೇ ಊಟದಲ್ಲಿ ಮಾಡಬಲ್ಲರು.

ಅರಸರು ನಾಯಿಯ ಬಗ್ಗೆ ಬರೆಯಲಿಲ್ಲವೆಂದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಆನೆ, ಕುಸ್ತಿಗಳ ಜೊತೆ ನಾಯಿಗಳ ವಿನೋದಕ್ಕೂ ಪ್ರತ್ಯೇಕ ಭಾಗವಿದೆ. ಆದರೆ ಅದು ಶಾಸ್ತ್ರ, ಯಾವ ನಾಡಿನ ನಾಯಿ ಹೇಗೆ ಎಂಬ ಲೆಕ್ಕ. ಇಂದಿನ ಕಾಲದ ಮುಧೋಳದ ಕೀರ್ತಿಯೂ ಬಹುಮಟ್ಟಿಗೆ ಅದೇ ಬಗೆಯದು. 2005ರ ಜನವರಿಯಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚೀಟಿಯನ್ನು ಹೊರಡಿಸಿದಾಗ ನಾನೂ ಕೊಂಡು ಶಾಲೆಯ ಫಲಕದ ಮೇಲೆ ಅಂಟಿಸಿದೆ. ಚೆಲುವಾದ ಚೀಟಿ. ಆದರೂ ಚೀಟಿಯ ಮೇಲಿರುವುದು ತಳಿಯೇ ಹೊರತು ಯಾರದೋ ಮನೆಯ ನಾಯಿಯಲ್ಲ. ಆ ದೃಷ್ಟಿಯಿಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿಯ ಹುಲಿಯ, ತೇಜಸ್ವಿಯವರ ಕಿವಿ, ಇವು ಕಾಳಿಯ ವಂಶದವು. ಮಲೆನಾಡು ಕಾಣದ ನಮ್ಮ ಬಯಲುಸೀಮೆಯ ಹುಡುಗರೂ ಕಿವಿಯನ್ನು ತಮ್ಮ ಬೀದಿಯ ನಾಯಿಯಂತೆ ಬಲ್ಲರು.

ಮತ್ತೆ ಆತಕೂರಿಗೆ ಬರುತ್ತೇನೆ, ಏಕೆಂದರೆ ಆ ಶಾಸನದ ಕೊನೆಯ ಮಾತುಗಳು ನನ್ನನ್ನು ಬಿಟ್ಟಿಲ್ಲ. ದಾನಶಾಸನಗಳ ಕೊನೆಗೆ ಶಾಪವಿರುವುದು ಪದ್ಧತಿ. ಈ ದಾನವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ ಎಂಬುದು ಸಾಮಾನ್ಯ ಪಾಠ. ಆತಕೂರಿನ ಶಾಪ ಬೇರೆ. ಈ ಭೂಮಿಯನ್ನು ಅಳಿದವನಿಗೆ ಆ ನಾಯಿ ಮಾಡಿದ ಪಾಪ ತಟ್ಟಲಿ. ದೇವಾಲಯದ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ನಾಯಿ ಮಾಡಿದ ಪಾಪ ತಟ್ಟಲಿ. ಗೊರವನೆಂದರೆ ಅಲ್ಲಿ ಶಿವಾಲಯದ ಅರ್ಚಕ. ಮುಂದೆ ಗೊರವರೆಂಬ ಹೆಸರು ಮೈಲಾರನ ಭಕ್ತರಿಗೆ ನಿಂತಿತು; ಅವರು ದೇವರ ಮುಂದೆ ತಾವೇ ನಾಯಿಗಳಾಗಿ ಬೊಗಳುವುದನ್ನು ಜಾತ್ರೆಗಳಲ್ಲಿ ಕಂಡವರಿದ್ದೀರಿ. ಹತ್ತನೆಯ ಶತಮಾನದ ಆ ಗೊರವನು ದಿನವೂ ನಾಯಿಯ ಕಲ್ಲಿಗೆ ಕೈಮುಗಿದು ಆಮೇಲೆ ಉಣ್ಣಬೇಕಿತ್ತು.

1994ರಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಆ ಕಲ್ಲಿನ ಮುಂದೆ ನಿಲ್ಲಿಸಿ ಈ ಶಾಪವನ್ನು ವಿವರಿಸಿದೆ. ಒಬ್ಬ ಹುಡುಗ, “ಸಾ, ನಾಯಿ ಏನ್ ಪಾಪ ಮಾಡಿರ್ತದೆ?” ಎಂದ. ನಾನು ಪ್ರಶ್ನೆಯನ್ನು ತರಗತಿಗೇ ಬಿಟ್ಟೆ. ಹಾಲು ಕುಡಿದಿರ್ತದೆ ಎಂದನೊಬ್ಬ. ಕೋಳಿಮರಿ ಹಿಡಿದಿರ್ತದೆ ಎಂದ ಇನ್ನೊಬ್ಬ. ಪೋಸ್ಟ್‌ಮ್ಯಾನನ್ನು ಕಚ್ಚಿರ್ತದೆ ಎಂದಾಗ ಎಲ್ಲರೂ ನಕ್ಕರು, ಕಾವಲುಗಾರ ಬಂದು ಸದ್ದು ಮಾಡಬೇಡಿ ಎಂದ. ನಗು ನಿಂತ ಮೇಲೆ ಹಿಂದೆ ನಿಂತಿದ್ದ, ಯಾವಾಗಲೂ ಬಾಯಿ ಬಿಡದ ಹುಡುಗಿಯೊಬ್ಬಳು, “ಸಾ, ಅಷ್ಟು ದೊಡ್ಡ ಹಂದಿ ಮೇಲೆ ಬಿಟ್ಟೋರ್ದಲ್ವಾ ಪಾಪ?” ಎಂದಳು.

ನಾನು ಗಡಿಯಾರ ನೋಡಿ, ಬಸ್ಸಿಗೆ ಹೊತ್ತಾಯಿತು ಎಂದೆ.

ನೇಕಾರರ ಪ್ರಶ್ನೆಗೆ ಉತ್ತರ ಕೊಡಲು ನಾನೇಕೆ ತಡವರಿಸಿದೆನೆಂಬುದನ್ನು ಈಗ ಹೇಳುತ್ತೇನೆ. ನಮ್ಮ ಮನೆಯಲ್ಲಿ ಒಂದು ನಾಯಿಯಿತ್ತು. ಹೆಸರು ಕರಿಯ. ನಮ್ಮ ಹಳ್ಳಿ ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯದ ದಾರಿಯಲ್ಲಿದೆ. ಆಗ ಹಳ್ಳಿಯ ನಾಯಿಗಳಿಗೆ ಹೆಸರಿಡಲು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಪ್ಪಗಿದ್ದರೆ ಕರಿಯ, ಕೆಂಪಗಿದ್ದರೆ ಕೆಂಚ. ನಮ್ಮ ಬೀದಿಯಲ್ಲೇ ಮೂವರು ಕರಿಯರಿದ್ದರು. ಆದರೆ ಅಪ್ಪ ಕೂಗಿದರೆ ಬರುತ್ತಿದ್ದವನು ಒಬ್ಬನೇ.

ಕರಿಯನಿಗೆ ವಾರದ ಲೆಕ್ಕ ತಿಳಿದಿತ್ತು. ಸೋಮವಾರ ಬಸವನ ದಿನ, ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಉಳಿದ ದಿನಗಳಲ್ಲಿ ಕೋಳಿ ಕೂಗುವ ಹೊತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿರುತ್ತಿದ್ದವನು ಸೋಮವಾರ ಬೂದಿಗುಂಡಿಯಿಂದ ಏಳುತ್ತಿರಲಿಲ್ಲ. ಬಹುಶಃ ಅಪ್ಪ ಗೋಡೆಯ ಮೇಲಿನ ಬಾರುಕೋಲನ್ನು ತೆಗೆಯುವ ಸದ್ದೇ ಅವನ ಪಂಚಾಂಗವಾಗಿತ್ತು. ಅವ್ವ ಮುದ್ದೆ ಹಾಕಿದರೆ ಅರ್ಧ ತಿಂದು ಉಳಿದರ್ಧವನ್ನು ಹರಳು ಗಿಡದ ಬುಡದಲ್ಲಿ ಹೂತಿಟ್ಟು, ಅದರ ಮೇಲೆಯೇ ಮಲಗುತ್ತಿದ್ದ. ಮಾರನೆಯ ದಿನ ಅದನ್ನು ತೆಗೆದು ತಿಂದದ್ದನ್ನು ನಾನು ಕಾಣೆ. ಮರೆಯುತ್ತಿದ್ದನೋ, ಕೂಡಿಡುವುದರಲ್ಲೇ ಸುಖವಿತ್ತೋ. ಇನ್ನೊಂದು ಅಭ್ಯಾಸವಿತ್ತು. ಗಾಡಿ ಕಟ್ಟಿದರೆ ಕರಿಯ ಗಾಡಿಯ ಹಿಂದೆಯೋ ಮುಂದೆಯೋ ಬರುವವನಲ್ಲ. ಎರಡು ಚಕ್ರಗಳ ನಡುವೆ, ಗಾಡಿಯ ನೆರಳಿನಲ್ಲಿ, ಎತ್ತಿನ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯುವನು. ಪ್ರತಿ ವರ್ಷ ಘಾಟಿಯ ದನಗಳ ಜಾತ್ರೆಗೆ ಹೋಗುವಾಗ ಹಾಗೆಯೇ ಹೋಗಿ ಹಾಗೆಯೇ ಬರುತ್ತಿದ್ದ. ಅಪ್ಪ ಮೇಲೆ ಕುಳಿತು ಆಗಾಗ “ಕರಿಯಾ” ಎನ್ನುವುದು, ಕೆಳಗಿನಿಂದ ಅವನ ಬಾಲ ಹಲಗೆಗೆ ಬಡಿಯುವುದು. ಅದೇ ಅವರ ಮಾತುಕತೆ.

ಅಪ್ಪ 1977ರಲ್ಲಿ ತೀರಿಕೊಂಡರು. ನನಗೆ ಹದಿನೇಳು ವರ್ಷ. ಎತ್ತುಗಳನ್ನು ಮಾರಿದೆವು, ಹೊಲವನ್ನು ಚಿಕ್ಕಪ್ಪನಿಗೆ ವಾರಕ್ಕೆ ಕೊಟ್ಟೆವು. ನನ್ನ ಓದಿಗಾಗಿ ಅವ್ವ ದೊಡ್ಡಬಳ್ಳಾಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಮನೆಯ ಯಜಮಾನರು ನಾಯಿ ಕೂಡದು ಎಂದಿದ್ದರು. ಅವರನ್ನು ದೂರಲಾರೆ, ಒಂದೇ ವಠಾರದಲ್ಲಿ ಆರು ಸಂಸಾರಗಳು. ಹೊರಟ ದಿನ ಚಿಕ್ಕಪ್ಪ ತಮ್ಮ ಗಾಡಿಯಲ್ಲಿ ಪಾತ್ರೆ, ಹಾಸಿಗೆ ಹೇರಿ ನಮ್ಮನ್ನು ಕೂರಿಸಿಕೊಂಡರು. ಕೆರೆಯ ಏರಿ ದಾಟುವಾಗ ಹಲಗೆಗೆ ಟಪಟಪನೆ ಬಾಲ ಬಡಿಯಿತು. ಎಂದಿನಂತೆ ಅವನು ಗಾಡಿಯ ಕೆಳಗಿದ್ದ. ಅವ್ವ ನನ್ನ ಮುಖ ನೋಡಿದಳು. ನಾನು ಇಳಿದು, ಹಾಸಿಗೆಗೆ ಸುತ್ತಿದ್ದ ಹಗ್ಗವನ್ನು ಬಿಚ್ಚಿ ಅವನ ಕೊರಳಿಗೆ ಹಾಕಿ, ಊರಿಗೆ ಹಿಂದಿರುಗಿ, ಚಿಕ್ಕಪ್ಪನ ಮನೆಯ ಕಂಬಕ್ಕೆ ಕಟ್ಟಿ ಬಂದೆ. ಅವನು ತಡೆಯಲಿಲ್ಲ, ಬೊಗಳಲಿಲ್ಲ. ಜಾತ್ರೆಗೆ ಹೋಗುವಾಗ ಏನನ್ನೋ ಮರೆತು ತರಲು ಬಂದಿದ್ದೇವೆಂದು ತಿಳಿದನೋ ಏನೋ.

ಮೂರು ದಿನದ ಮೇಲೆ ಚಿಕ್ಕಮ್ಮ ಹಗ್ಗ ಬಿಚ್ಚಿದಳಂತೆ. ನೇರವಾಗಿ ಹೋಗಿ ಬೀಗ ಹಾಕಿದ ನಮ್ಮ ಮನೆಯ ಜಗಲಿಯ ಮೇಲೆ ಕುಳಿತನಂತೆ. ಅಲ್ಲಿಗೇ ಮುದ್ದೆ ತಂದು ಹಾಕುತ್ತಿದ್ದಳು. ಕೆಲವು ದಿನ ತಿಂದ, ಕೆಲವು ದಿನ ಇಲ್ಲ. ಜಪಾನಿನ ಟೋಕಿಯೋದಲ್ಲಿ ಹಾಚಿಕೋ ಎಂಬ ನಾಯಿ 1925ರಲ್ಲಿ ಸತ್ತ ತನ್ನ ಪ್ರೊಫೆಸರರಿಗಾಗಿ, ತಾನು 1935ರಲ್ಲಿ ಸಾಯುವವರೆಗೆ ಶಿಬುಯಾ ರೈಲು ನಿಲ್ದಾಣದಲ್ಲಿ ಕಾದದ್ದನ್ನು ಇಂದು ಎಲ್ಲರೂ ಬಲ್ಲರು. ಅದು ಬದುಕಿರುವಾಗಲೇ, 1934ರಲ್ಲಿ, ಅಲ್ಲಿ ಅದರ ಕಂಚಿನ ಪ್ರತಿಮೆ ನಿಲ್ಲಿಸಿದರು. ನಮ್ಮೂರಿನಲ್ಲಿ ಕರಿಯ ಕಾದದ್ದನ್ನು ಕಂಡವಳು ಚಿಕ್ಕಮ್ಮ ಒಬ್ಬಳೇ. ನಮ್ಮ ಕೋಣೆಯಿಂದ ಹಳ್ಳಿ ಹನ್ನೆರಡು ಕಿಲೋಮೀಟರು. ಸೈಕಲ್ಲಿನಲ್ಲಿ ಒಂದು ಗಂಟೆಯ ದಾರಿ. ನಾನು ಹೋದದ್ದು ಪರೀಕ್ಷೆ ಮುಗಿದ ಮೇಲೆ, ಮೂರನೆಯ ತಿಂಗಳಿಗೆ. ಜಗಲಿಯ ಮೇಲೆ ಯಾರೂ ಇರಲಿಲ್ಲ. ಹದಿನೈದು ದಿನದಿಂದ ಕಾಣುತ್ತಿಲ್ಲವೆಂದು ಚಿಕ್ಕಮ್ಮ ಹೇಳಿದಳು. ಆ ಮಾತು ಹೇಳುವಾಗ ಅವಳು ನನ್ನನ್ನು ನೋಡಲಿಲ್ಲ. ನಾನೂ ಮುಂದೆ ಕೇಳಲಿಲ್ಲ. ಹರಳು ಗಿಡದ ಬುಡವನ್ನು ಕೋಲಿನಿಂದ ಕೆದಕಿದೆ, ಒಣಗಿ ಕಲ್ಲಾದ ಮುದ್ದೆಯ ಚೂರುಗಳು ಸಿಕ್ಕವು.

ಆಮೇಲೆ ನಾನು ಯಾವ ನಾಯಿಯನ್ನೂ ಸಾಕಲಿಲ್ಲ. ಮಕ್ಕಳು ಚಿಕ್ಕವರಿದ್ದಾಗ ಹಟ ಹಿಡಿದರೂ ಖರ್ಚಿನ ನೆಪ ಹೇಳಿದೆ. ಆತಕೂರಿನ ಶಾಸನವನ್ನು ಮಾತ್ರ ವರ್ಷವರ್ಷವೂ ಪಾಠ ಮಾಡುತ್ತ ಬಂದೆ.

ಲಸಿಕೆಯ ಸಾಲು ಮುಂದೆ ಸರಿಯಿತು. ನೇಕಾರರು ಇನ್ನೂ ನನ್ನ ಕಡೆಗೇ ನೋಡುತ್ತಿದ್ದರು. “ಇತ್ತು. ಗಾಡಿ ಕಟ್ಟಿದ್ರೆ ಗಾಡಿ ಕೆಳಗೇ ನಡೀತಿತ್ತು, ಘಾಟಿವರೆಗೂ” ಎಂದೆ.

“ಅಯ್ಯೋ, ನಮ್ ತಾತನ ಹತ್ರನೂ ಹಂಗೇ ಒಂದಿತ್ತಂತೆ ಸಾ! ಬಿಸಿಲಿಗೆ ಅದೇ ನೆರಳು ನೋಡಿ” ಎಂದರು ಅವರು. ಸ್ವಲ್ಪ ತಡೆದು ಕೇಳಿದರು: “ಏನ್ ಹೆಸರು ಸಾ ಅದರದ್ದು?”

“ಕರಿಯ” ಎಂದೆ. ಅಷ್ಟರಲ್ಲಿ ರಾಜನ ಸರದಿ ಬಂತು. ಅವರು ಅದನ್ನು ಎತ್ತಿ ಮೇಜಿನ ಮೇಲೆ ನಿಲ್ಲಿಸಿ, ಸೂಜಿ ಕಾಣದಂತೆ ಎರಡೂ ಕಣ್ಣುಗಳನ್ನು ಅಂಗೈಯಿಂದ ಮುಚ್ಚಿ ಹಿಡಿದರು.